ನದಿ ನೀರು ಸಮುದ್ರ ಸೇರಿದರೆ ವ್ಯರ್ಥವೇ?

'ನದಿ ನೀರು ಸುಮ್ಮನೆ ಸಮುದ್ರ ಸೇರಿ ಪೋಲಾಗುತ್ತಿದೆ' ಎಂಬ ಸಂದೇಶ ಪ್ರತಿ ಮಳೆಗಾಲದಲ್ಲೂ ವಾಟ್ಸಾಪ್‌ನಲ್ಲಿ ಓಡಾಡುತ್ತದೆ. ನಾವೂ ನಂಬಿಬಿಡುತ್ತೇವೆ. ಇದು ನಿಜವೇ? ಉತ್ತರ ಕನ್ನಡದ ಕರಾವಳಿಯಲ್ಲಿ ಸಮುದ್ರ ಸೇರುವ ಎರಡು ನದಿಗಳನ್ನು ನೋಡೋಣ.

ಶಿರಸಿ ಬಳಿ ಹುಟ್ಟುವ ಅಘನಾಶಿನಿಗೆ ದೊಡ್ಡ ಅಣೆಕಟ್ಟು ಇಲ್ಲ. ಮಳೆಗಾಲದಲ್ಲಿ ಅದು ಕಾಡಿನ ಮಣ್ಣು, ಕೊಳೆತ ಎಲೆಗಳ ಸಾರವನ್ನು ಕುಮಟಾ ಬಳಿಯ ಅಳಿವೆಗೆ ತರುತ್ತದೆ. ಬೇಸಿಗೆಯಲ್ಲಿ ಹರಿವು ತಗ್ಗಿದಾಗ ಕಡಲಿನ ಉಪ್ಪುನೀರು ಒಳಬರುತ್ತದೆ. ಈ ಏರಿಳಿತವನ್ನೇ ನಂಬಿ ಬಳಚು ಎಂಬ ಚಿಪ್ಪುಜೀವಿ, ಸೀಗಡಿ, ಏಡಿ, ಕಾಂಡ್ಲಾ ಗಿಡಗಳು ಬದುಕುತ್ತವೆ. ಗಜನಿ ಗದ್ದೆಗಳಲ್ಲಿ ಉಪ್ಪು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತದೆ.

ಪಕ್ಕದ ಶರಾವತಿಗೆ ಲಿಂಗನಮಕ್ಕಿ ಅಣೆಕಟ್ಟು ಇದೆ. ವಿದ್ಯುತ್ ಉತ್ಪಾದಿಸಿದ ನೀರನ್ನು ವರ್ಷವಿಡೀ ಬಿಡುವುದರಿಂದ ಹೊನ್ನಾವರದ ಅಳಿವೆಯಲ್ಲಿ ಬೇಸಿಗೆಯಲ್ಲೂ ಉಪ್ಪಿನಂಶ ಅಷ್ಟಾಗಿ ಏರುವುದಿಲ್ಲ. ಎರಡೂ ಅಳಿವೆಗಳನ್ನು ಹೋಲಿಸಿದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು, ಶರಾವತಿಯಲ್ಲಿ ಬಳಚು ಬಹುತೇಕ ಇಲ್ಲವಾಗಿರುವುದನ್ನು ದಾಖಲಿಸಿದ್ದಾರೆ. ಅಣೆಕಟ್ಟು ನಮಗೆ ವಿದ್ಯುತ್ ಕೊಟ್ಟಿದೆ, ಸರಿ. ಆದರೆ ಅದರ ಬೆಲೆ ತೆತ್ತವರು ಬಳಚು ಆರಿಸಿ ಬದುಕುತ್ತಿದ್ದವರು.

ಅಂದರೆ, ನದಿಗೆ ಎಷ್ಟು ನೀರು ಎನ್ನುವಷ್ಟೇ ಯಾವಾಗ ನೀರು ಎನ್ನುವುದೂ ಮುಖ್ಯ. ಅಘನಾಶಿನಿ ಕಣಿವೆಯ ಕಾಡಿನಲ್ಲಿ ಸಿಂಗಳೀಕಗಳಿಗಾಗಿ 2011ರಲ್ಲಿ ಸಂರಕ್ಷಣಾ ಮೀಸಲು ಘೋಷಣೆಯಾಯಿತು. 2024ರಲ್ಲಿ ಅಳಿವೆಯು ರಾಮ್ಸರ್ ಪಟ್ಟಿ ಸೇರಿತು. ಮೇಲಿನ ಕಾಡನ್ನೂ ಕೆಳಗಿನ ಅಳಿವೆಯನ್ನೂ ಬೆಸೆಯುವುದು ಹರಿಯುವ ನದಿಯೇ.

ಹಾಗಾಗಿ 'ಪೋಲು' ಎನ್ನುವ ಮಾತು ತಪ್ಪು. ಮುಂದಿನ ಸಲ ಆ ಸಂದೇಶ ಬಂದರೆ, ಫಾರ್ವರ್ಡ್ ಮಾಡುವ ಮುನ್ನ ಅಳಿವೆಯಲ್ಲಿ ಬಳಚು ಆರಿಸುವವರನ್ನು ನೆನೆಯೋಣ.