ಬೇಲಿ ದಾಟುವ ವಿದ್ಯೆ

ಕೋಲಾರ ಜಿಲ್ಲೆಯ ಅನೇಕ ಗ್ರಾಮಗಳಲ್ಲಿ ಕೊಳವೆ ಬಾವಿಯ ನೀರನ್ನು ಕುಡಿದು ಬೆಳೆದ ಮಕ್ಕಳ ಹಲ್ಲುಗಳ ಮೇಲೆ ಕಂದು ಬಣ್ಣದ ಕಲೆಗಳನ್ನು ಕಾಣಬಹುದು. ನೀರಿನಲ್ಲಿ ಫ್ಲೋರೈಡ್ ಎಂಬ ಲವಣಾಂಶವು ಮಿತಿಮೀರಿರುವುದೇ ಇದಕ್ಕೆ ಕಾರಣ. ಲೀಟರ್ ನೀರಿನಲ್ಲಿ ಈ ಅಂಶವು 1.5 ಮಿಲಿಗ್ರಾಂಗಿಂತ ಹೆಚ್ಚಿರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದೆ. ಅದಕ್ಕಿಂತ ಬಹಳ ಹೆಚ್ಚಿರುವ ನೀರನ್ನು ವರ್ಷಗಟ್ಟಲೆ ಕುಡಿದವರ ಮೂಳೆಗಳೂ ಕೆಡುತ್ತವೆ. ಈ ಸಂಕಟಕ್ಕೆ ಪರಿಹಾರವನ್ನು ಯಾರು ಹೇಳಬೇಕು?

ರೋಗದ ಲಕ್ಷಣವನ್ನು ವೈದ್ಯನು ಬಲ್ಲನು. ನೀರಿನ ದೋಷವನ್ನು ರಸಾಯನಶಾಸ್ತ್ರಜ್ಞನು ಅಳೆಯಬಲ್ಲನು. ಆ ಲವಣವು ಯಾವ ಶಿಲೆಯಿಂದ ಕರಗಿ ಬಂದಿತೆಂಬುದನ್ನು ಭೂವಿಜ್ಞಾನಿಯು ವಿವರಿಸಬಲ್ಲನು. ಆದರೆ ಜನರು ಅಷ್ಟು ಆಳದ ನೀರಿಗೆ ಏಕೆ ಕೈಹಾಕಿದರು? ಹಿಂದೆ ಊರನ್ನು ಸಲಹುತ್ತಿದ್ದ ಕೆರೆಗಳು ಹೂಳು ತುಂಬಿ ಹಾಳಾದುದೇಕೆ? ತೂಬನ್ನು ಎತ್ತಿ, ಗದ್ದೆಗಳಿಗೆ ಸರದಿಯಂತೆ ನೀರು ಹಂಚುತ್ತಿದ್ದ ನೀರುಗಂಟಿಯ ಕಾಯಕವು ಏಕೆ ಮರೆಯಾಯಿತು? ಈ ಪ್ರಶ್ನೆಗಳಿಗೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರಗಳು ಉತ್ತರ ಹೇಳಬೇಕು. ಊರಿನ ಸಂಕಟವು ವಿಷಯಗಳ ಗಡಿಯನ್ನು ಅರಿಯದು. ಅದು ಒಂದೇ ಆಗಿ ಬರುತ್ತದೆ. ಅದನ್ನು ಬಿಡಿಸಬೇಕಾದ ವಿದ್ಯೆ ಮಾತ್ರ ಹತ್ತು ಕೋಣೆಗಳಲ್ಲಿ ಹಂಚಿಹೋಗಿದೆ.

ವಿಶ್ವವಿದ್ಯಾನಿಲಯಗಳು ಜ್ಞಾನವನ್ನು ವಿಭಾಗಗಳನ್ನಾಗಿ ಒಡೆದುದಕ್ಕೆ ಕಾರಣವಿಲ್ಲದೆ ಇಲ್ಲ. ಜ್ಞಾನದ ರಾಶಿ ಬೆಳೆದಂತೆ ಒಬ್ಬನೇ ಎಲ್ಲವನ್ನೂ ಕಲಿಯುವುದು ಅಸಾಧ್ಯವಾಯಿತು. ಹೊಲಕ್ಕೆ ಬೇಲಿ ಹಾಕಿದರೆ ಪೈರು ಉಳಿಯುತ್ತದೆ. ವಿಷಯಕ್ಕೆ ಎಲ್ಲೆ ಹಾಕಿದರೆ ಅಧ್ಯಯನವು ಆಳವಾಗುತ್ತದೆ. ಆದರೆ ಬೇಲಿಯೇ ಎದ್ದು ಹೊಲ ಮೇಯ್ದರೆ ಗತಿಯೇನು? ಇಂಗ್ಲೆಂಡಿನ ಸಿ. ಪಿ. ಸ್ನೋ ಭೌತವಿಜ್ಞಾನದಲ್ಲಿ ತರಬೇತಿ ಪಡೆದವರು, ಕಾದಂಬರಿಕಾರರೂ ಹೌದು. ಸಾಹಿತ್ಯದವರೂ ವಿಜ್ಞಾನದವರೂ ಒಬ್ಬರ ಮಾತು ಇನ್ನೊಬ್ಬರಿಗೆ ತಿಳಿಯದಷ್ಟು ದೂರ ಸರಿದಿದ್ದಾರೆಂದು ಅವರು 1959ರಲ್ಲಿ ಕೇಂಬ್ರಿಜ್‌ನ ಉಪನ್ಯಾಸವೊಂದರಲ್ಲಿ ಎಚ್ಚರಿಸಿದರು. ಆ ಎಚ್ಚರಿಕೆಯು ನಮ್ಮ ನಾಡಿಗೂ ಸಲ್ಲುತ್ತದೆ. ಹತ್ತನೆಯ ತರಗತಿ ಮುಗಿದೊಡನೆ ಕಲೆ, ವಿಜ್ಞಾನ, ವಾಣಿಜ್ಯ ಎಂಬ ಮೂರು ದಾರಿಗಳಲ್ಲಿ ಒಂದನ್ನು ಹಿಡಿಯುವ ಬಾಲಕ ಬಾಲಕಿಯರು ಉಳಿದೆರಡರ ಕಡೆಗೆ ಮತ್ತೆ ತಿರುಗಿ ನೋಡುವುದು ಅಪರೂಪ.

ಬೇಲಿ ದಾಟಿದವರಿಂದ ವಿದ್ಯೆಗೆ ಆದ ಲಾಭವು ಸಾಮಾನ್ಯವಾದುದಲ್ಲ. ಡಿ. ಡಿ. ಕೋಸಂಬಿಯವರು ವೃತ್ತಿಯಿಂದ ಗಣಿತಜ್ಞರು. ಕೈಯಿಂದ ಕೈಗೆ ಸಾಗಿದಂತೆ ನಾಣ್ಯವು ಸವೆದು ಹಗುರವಾಗುತ್ತದೆಂಬ ಸರಳ ಸಂಗತಿಯನ್ನು ಹಿಡಿದು, ಅವರು ಪ್ರಾಚೀನ ಬೆಳ್ಳಿಯ ನಾಣ್ಯಗಳನ್ನು ತೂಗಿ ಲೆಕ್ಕ ಹಾಕಿದರು. ಗಣಿತದಿಂದ ಇತಿಹಾಸಕ್ಕೆ ಹೊಸ ಬೆಳಕು ತಂದರು. ಸರ್ ಸಿ. ವಿ. ರಾಮನ್ ಅವರು ಮೃದಂಗ ಮತ್ತು ತಬಲಗಳ ನಾದವನ್ನು ಪರೀಕ್ಷಿಸಿ, ಮುಚ್ಚಿಗೆಯ ನಡುವೆ ಹಚ್ಚುವ ಕಪ್ಪು ಕರಣೆಯಿಂದಲೇ ಆ ವಾದ್ಯಗಳಿಗೆ ಸಂಗೀತದ ಇಂಪು ಒದಗುತ್ತದೆಂದು ತೋರಿಸಿದರು. ಸಸ್ಯವಿಜ್ಞಾನಿ ಬಿ. ಜಿ. ಎಲ್. ಸ್ವಾಮಿಯವರು ಕಾಡಿನ ಗಿಡಮರಗಳನ್ನು ಕುರಿತು ಬರೆದ ‘ಹಸುರು ಹೊನ್ನು’ ಕೃತಿಯು 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯನ್ನು ಪಡೆಯಿತು. ಸಸ್ಯಶಾಸ್ತ್ರವೂ ಸಾಹಿತ್ಯವೂ ಒಂದೇ ಲೇಖನಿಯಿಂದ ಹರಿಯಬಲ್ಲವೆಂಬುದಕ್ಕೆ ಅದೇ ಸಾಕ್ಷಿ.

ಇದಕ್ಕೆ ಆಕ್ಷೇಪವೂ ಉಂಟು. ಹತ್ತು ಕಡೆ ಒಂದೊಂದು ಮೊಳ ಅಗೆದವನಿಗೆ ಎಲ್ಲಿಯೂ ನೀರು ಸಿಗದು. ಹಲವು ವಿಷಯಗಳ ರುಚಿ ನೋಡಿದವನು ಯಾವುದರಲ್ಲಿಯೂ ಪರಿಣತನಾಗಲಾರನು ಎಂದು ಹಲವರು ಹೇಳುತ್ತಾರೆ. ಈ ಮಾತಿನಲ್ಲಿ ತಿರುಳಿದೆ. ಮೇಲೆ ಹೇಳಿದ ಮೂವರೂ ತಮ್ಮ ತಮ್ಮ ಶಾಸ್ತ್ರದಲ್ಲಿ ಆಳವಾಗಿ ಬೇರೂರಿದ ಮೇಲೆಯೇ ಇತರ ಕ್ಷೇತ್ರಗಳಿಗೆ ಕೈಚಾಚಿದವರು. ಸ್ವಂತ ಹೊಲವಿಲ್ಲದವನಿಗೆ ಬೇಲಿ ದಾಟುವ ಮಾತೇ ಇಲ್ಲ. ಆದುದರಿಂದ ಪದವಿ ತರಗತಿಯಲ್ಲಿ ಒಂದು ವಿಷಯವನ್ನು ಬುಡಮಟ್ಟ ಕಲಿಯಬೇಕೆಂಬುದು ನಿರ್ವಿವಾದ. ಆದರೆ ಅದೊಂದೇ ಸಾಕೆಂಬುದು ತಪ್ಪು.

ನಮ್ಮ ದೇಶದಲ್ಲಿ ಈ ದಿಕ್ಕಿನ ಪ್ರಯತ್ನಗಳು ನಡೆದಿವೆ. ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ ನೀಡಿದ ನಿರ್ದೇಶನದ ಫಲವಾಗಿ ಪರಿಸರ ಅಧ್ಯಯನವು ಕಾಲಕ್ರಮೇಣ ಎಲ್ಲ ಪದವಿ ವಿದ್ಯಾರ್ಥಿಗಳಿಗೂ ಕಡ್ಡಾಯ ಪಾಠವಾಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು 2011ರಲ್ಲಿ ಆರಂಭಿಸಿದ ನಾಲ್ಕು ವರ್ಷಗಳ ಪದವಿಯಲ್ಲಿ ವಿಜ್ಞಾನದ ವಿದ್ಯಾರ್ಥಿಗಳು ಮಾನವಿಕ ವಿಷಯಗಳನ್ನೂ ಓದುತ್ತಾರೆ. 2020ರ ರಾಷ್ಟ್ರೀಯ ಶಿಕ್ಷಣ ನೀತಿಯು ಬಹುಶಾಸ್ತ್ರೀಯ ಶಿಕ್ಷಣಕ್ಕೆ ಒತ್ತು ನೀಡಿತು. ಕರ್ನಾಟಕವು ಅದನ್ನು 2021ರಲ್ಲಿ ಪದವಿ ಕಾಲೇಜುಗಳಲ್ಲಿ ಜಾರಿಗೆ ತಂದು, 2024ರಲ್ಲಿ ಮತ್ತೆ ಮೂರು ವರ್ಷಗಳ ಪದವಿಗೆ ಮರಳಿತು. ನೀತಿಗಳು ಬರುತ್ತವೆ, ಹೋಗುತ್ತವೆ; ಮೂಲ ಪ್ರಶ್ನೆ ಉಳಿದೇ ಇರುತ್ತದೆ.

ಪಠ್ಯಪಟ್ಟಿಗೆ ಇನ್ನೊಂದು ಪುಸ್ತಕವನ್ನು ಸೇರಿಸಿದ ಮಾತ್ರಕ್ಕೆ ಶಾಸ್ತ್ರಗಳು ಕೂಡುವುದಿಲ್ಲ. ಪರಿಸರದ ಪಾಠವನ್ನು ಪರೀಕ್ಷೆಯ ಹಿಂದಿನ ರಾತ್ರಿ ಬಾಯಿಪಾಠ ಮಾಡಿದ ವಿದ್ಯಾರ್ಥಿಯು ತನ್ನ ಊರಿನ ಕೆರೆಯನ್ನು ಒಮ್ಮೆಯೂ ಸುತ್ತಿ ನೋಡದಿದ್ದರೆ, ಆ ಪಾಠದಿಂದ ಫಲವೇನು? ವಿಷಯಗಳನ್ನು ಬೆಸೆಯಬೇಕಾದುದು ಒಂದು ಜೀವಂತ ಪ್ರಶ್ನೆ. ಇತಿಹಾಸದ ಅಧ್ಯಾಪಕರೂ ರಸಾಯನಶಾಸ್ತ್ರದ ಅಧ್ಯಾಪಕರೂ ಒಂದೇ ಕೆರೆಯ ಏರಿಯ ಮೇಲೆ ನಿಂತು ಪಾಠ ಹೇಳಿದರೆ, ಒಬ್ಬ ವಿದ್ಯಾರ್ಥಿ ಶಾಸನವನ್ನು ಓದಿ ಮತ್ತೊಬ್ಬಳು ನೀರನ್ನು ಪರೀಕ್ಷಿಸಿದರೆ, ಇಬ್ಬರೂ ತಾವು ಕಂಡುದನ್ನು ಪರಸ್ಪರ ಹೇಳಿಕೊಂಡರೆ, ಅದೇ ನಿಜವಾದ ಕೂಡುಪಾಠ. ಇದಕ್ಕೆ ಭಾರಿ ಕಟ್ಟಡಗಳು ಬೇಡ. ಬೇಕಾದುದು ಸಾಕಷ್ಟು ಅಧ್ಯಾಪಕರು. ನೆರೆಯ ಶಾಸ್ತ್ರವನ್ನು ಗೌರವಿಸುವ ಮನಸ್ಸು.

ಪದವಿಯ ವಯಸ್ಸು ಬರುವ ತನಕ ಈ ಮನಸ್ಸಿಗಾಗಿ ಕಾಯಬೇಕಾಗಿಲ್ಲ. ಗಣಿತದ ಪುಸ್ತಕವನ್ನು ಮುಚ್ಚಿ ಸಮಾಜ ವಿಜ್ಞಾನದ ಪುಸ್ತಕವನ್ನು ತೆರೆಯುವ ವಿದ್ಯಾರ್ಥಿಯು ಒಂದು ಲೋಕವನ್ನು ಬಿಟ್ಟು ಮತ್ತೊಂದಕ್ಕೆ ಹೋಗುತ್ತಿಲ್ಲ. ಒಂದೇ ಲೋಕವನ್ನು ಇನ್ನೊಂದು ಕಿಟಕಿಯಿಂದ ನೋಡುತ್ತಿದ್ದಾನೆ. ಯಾವ ದಾರಿಯನ್ನು ಹಿಡಿದರೂ ಉಳಿದ ಕಿಟಕಿಗಳನ್ನು ಮುಚ್ಚದಿರುವವರೇ ನಾಳೆ ಊರಿನ ಕೆರೆಗೆ ಮತ್ತೆ ನೀರು ತರಬಲ್ಲರು.