ಬೇಡಲು ಬಂದ ಪಾದ್ರಿ

1949ರಲ್ಲಿ ಕಲಬುರಗಿಯಲ್ಲಿ ಕನ್ನಡ ಸಾಹಿತ್ಯ ಸಮ್ಮೇಳನ ನಡೆದಾಗ ಅಧ್ಯಕ್ಷತೆ ವಹಿಸಿದವರು ಒಬ್ಬ ಕ್ರೈಸ್ತ ಸಭಾಪಾಲಕರು, ರೆವರೆಂಡ್ ಉತ್ತಂಗಿ ಚನ್ನಪ್ಪ. ಹಿಂದಿನ ವರ್ಷದ ಸೆಪ್ಟೆಂಬರಿನಲ್ಲಷ್ಟೇ ನಿಜಾಮರ ಆಳ್ವಿಕೆ ಕೊನೆಗೊಂಡು ಕಲಬುರಗಿ ಭಾರತದ ಒಕ್ಕೂಟಕ್ಕೆ ಸೇರಿತ್ತು. ರಜಾಕಾರರ ಹಾವಳಿ, ಅದರ ಬೆನ್ನಿಗೇ ನಡೆದ ಹಿಂಸೆ, ಎರಡರ ಗಾಯವೂ ಮಾಯ್ದಿರಲಿಲ್ಲ. ಮತದ ಹೆಸರೆತ್ತಿದರೆ ಮುಖ ಬಿಗಿಯಾಗುತ್ತಿದ್ದ ಆ ದಿನಗಳಲ್ಲಿ ಕನ್ನಡಿಗರು ತಮ್ಮ ನುಡಿಹಬ್ಬಕ್ಕೆ ಒಬ್ಬ ಪಾದ್ರಿಯನ್ನು ಕರೆದು ಅಧ್ಯಕ್ಷಪೀಠದಲ್ಲಿ ಕೂರಿಸಿದರು. ಈಗ ನೆನೆದರೂ ಬೆರಗಾಗುವ ಸಂಗತಿ.

ಆ ಗೌರವ ಅವರಿಗೆ ಚರ್ಚಿನ ಪ್ರಸಂಗಗಳಿಂದ ಬಂದದ್ದಲ್ಲ. ಒಳ್ಳೆಯ ಪ್ರಸಂಗ ಮಾಡುವ ಪಾದ್ರಿಗಳು ಆಗಲೂ ಇದ್ದರು, ಈಗಲೂ ಇದ್ದಾರೆ. ಉತ್ತಂಗಿಯವರು ಜನರ ಬಾಗಿಲಿಗೆ ಹೋಗಿ ಕೇಳಿದರು, ಕೇಳಿದ್ದನ್ನು ಜೋಪಾನ ಮಾಡಿ ನಾಡಿಗೆ ಒಪ್ಪಿಸಿದರು. ‘ತಿರುಳ್ಗನ್ನಡದ ತಿರುಕ’ ಎಂದೇ ನಾಡು ಅವರನ್ನು ಇಂದಿಗೂ ನೆನೆಯುತ್ತದೆ. ಸಭಾಪಾಲಕರ ವಿನಯದ ಬಗ್ಗೆ ಚರ್ಚುಗಳಲ್ಲಿ ಎಷ್ಟೋ ಮಾತು ಕೇಳಿಬರುತ್ತದೆ. ಆದರೆ ಅವೆಲ್ಲ ಕೊಡುವವನ ವಿನಯದ ಮಾತು: ಪಾದ್ರಿ ಸೇವೆ ಮಾಡಬೇಕು, ತ್ಯಾಗ ಮಾಡಬೇಕು, ತಗ್ಗಿ ನಡೆಯಬೇಕು. ಬೇಡಿ ಪಡೆಯುವವನ ವಿನಯದ ಬಗ್ಗೆ ಯಾರೂ ಹೇಳಿಕೊಡುವುದಿಲ್ಲ. ಕಷ್ಟವಾದದ್ದು ಅದೇ.

ಉತ್ತಂಗಿಯವರು ಹುಟ್ಟಿದ್ದು 1881ರಲ್ಲಿ, ಧಾರವಾಡದಲ್ಲಿ. ಬಾಸೆಲ್ ಮಿಷನ್ನಿನ ಶಾಲೆಯಲ್ಲಿ ಓದಿ, ಮಂಗಳೂರಿನಲ್ಲಿ ದೈವಜ್ಞಾನದ ಶಿಕ್ಷಣ ಪಡೆದು, ಉತ್ತರ ಕರ್ನಾಟಕದ ಸಭೆಗಳಲ್ಲಿ ದುಡಿದರು. ಮಿಷನ್ನಿನ ಕೆಲಸಗಾರರಿಗೆ ಆ ಕಾಲದಲ್ಲಿ ಹಳ್ಳಿ ತಿರುಗುವುದು ದಿನದ ಪಾಡು. ಹೋದಲ್ಲೆಲ್ಲ ತಾನು ತಂದ ಸುವಾರ್ತೆಯನ್ನು ಹೇಳಿ ಬರಬೇಕು. ಉತ್ತಂಗಿಯವರು ಹೇಳುವುದರ ಜೊತೆಗೆ ಕೇಳುವ ಕೆಲಸವನ್ನೂ ಹಚ್ಚಿಕೊಂಡರು. ಸರ್ವಜ್ಞನ ತ್ರಿಪದಿಗಳು ಆಗ ಜನರ ನಾಲಿಗೆಯ ಮೇಲೆ, ಓಲೆಗರಿಗಳಲ್ಲಿ, ಕೈಬರಹದ ಹೊತ್ತಿಗೆಗಳಲ್ಲಿ ಚೆಲ್ಲಾಪಿಲ್ಲಿಯಾಗಿದ್ದವು. ಅವನ್ನು ಕಲೆಹಾಕಿ, ಪಾಠ ಹೋಲಿಸಿ, 1924ರಲ್ಲಿ ‘ಸರ್ವಜ್ಞನ ವಚನಗಳು’ ಎಂದು ಅಚ್ಚಿಗೆ ಕೊಟ್ಟರು. ಸುಮಾರು ಎರಡು ಸಾವಿರ ತ್ರಿಪದಿಗಳ ಸಂಗ್ರಹ ಅದು.

ಈ ಕೆಲಸ ಎಂಥದ್ದೆಂದು ಹಾಡು, ಗಾದೆ, ಒಗಟು ಸಂಗ್ರಹಿಸಲು ಹಳ್ಳಿಗೆ ಹೋದವರಿಗೆ ಗೊತ್ತು. ಕೇಳಿದ ಕೂಡಲೇ ಯಾರೂ ಹೇಳುವುದಿಲ್ಲ. ಮೊದಲು ಊರು ಯಾವುದು, ಬಂದದ್ದೇಕೆ ಎಂಬ ವಿಚಾರಣೆ. ಆಮೇಲೆ ಎಲೆ, ಅಡಿಕೆ, ಮಳೆ, ಬೆಳೆ. ಒಬ್ಬ ಎರಡು ಸಾಲು ಹೇಳಿ ಮೂರನೆಯದು ಮರೆತೆ ಅನ್ನುತ್ತಾನೆ. ಆ ಮೂರನೆಯ ಸಾಲು ಓಣಿಯ ಕೊನೆಯ ಮನೆಯ ಮುದುಕಿಗೆ ಬರುತ್ತದೆ, ಆದರೆ ಆಕೆ ಹೊಲದಿಂದ ಬರುವುದು ಸಂಜೆಗೆ. ಅಲ್ಲಿಯವರೆಗೆ ಕಾಯಬೇಕು. ಆಕೆ ಹೇಳುವುದು ಮೊದಲಿನವನ ಪಾಠಕ್ಕೆ ಹೊಂದುವುದಿಲ್ಲ, ಮತ್ತೆ ಕೇಳಬೇಕು. ಅಷ್ಟು ಹೊತ್ತೂ ಗುರು ಅವಳು, ಶಿಷ್ಯ ಇವನು. ಮೈಮೇಲಿನ ನಿಲುವಂಗಿಗಾಗಲಿ ಕೈಯೊಳಗಿನ ಬೈಬಲ್ಲಿಗಾಗಲಿ ಅಲ್ಲಿ ಹೆಚ್ಚಿನ ಅಧಿಕಾರವಿಲ್ಲ.

ಕೇಳಿ ತಂದದ್ದಾದರೂ ಎಂಥ ಕವಿಯ ಮಾತು! ಡಾಂಭಿಕ ಗುರುಗಳನ್ನು, ಹೊಟ್ಟೆಪಾಡಿನ ಸನ್ಯಾಸಿಗಳನ್ನು, ಜಾತಿಯ ಜಂಬವನ್ನು ಸರ್ವಜ್ಞನಷ್ಟು ನಿಷ್ಠುರವಾಗಿ ಜಾಡಿಸಿದ ಕನ್ನಡ ಕವಿ ಅಪರೂಪ. ಕಾವಿಗೆ ತಾಗಿದ ಆ ಏಟು ಪಾದ್ರಿಯ ನಿಲುವಂಗಿಗೂ ತಾಗುತ್ತದೆ. ಸ್ವತಃ ಧರ್ಮಗುರುವಾಗಿದ್ದವರು ಅಂಥ ಮಾತುಗಳನ್ನು ವರ್ಷಗಟ್ಟಲೆ ಕೈಯಾರೆ ಬರೆದುಕೊಂಡರು, ತಿದ್ದಿ ಜೋಡಿಸಿದರು. ತನ್ನ ಕಸುಬನ್ನೇ ಒರೆಗೆ ಹಚ್ಚುವ ಕವಿಯೊಡನೆ ಅಷ್ಟು ಕಾಲ ಬಾಳುವುದು ಯಾವ ಉಪವಾಸಕ್ಕೂ ಕಡಿಮೆಯಿಲ್ಲದ ಸಾಧನೆ.

ಈಗಿನ ಭಾನುವಾರಗಳ ಕಡೆ ತಿರುಗೋಣ. ಸಭಾಪಾಲಕರ ವೃತ್ತಿಯೇ ಅವರನ್ನು ಮಾತುಗಾರರನ್ನಾಗಿ ಮಾಡುತ್ತದೆ. ಆರಾಧನೆಯಲ್ಲಿ ಮಾತು, ಮದುವೆಯಲ್ಲಿ ಮಾತು, ಸಮಾಧಿಯ ಬಳಿ ಮಾತು, ಮನೆ ಪ್ರತಿಷ್ಠೆಯಲ್ಲಿ ಮಾತು. ಜನ ಎದುರು ಕೂತು ಕೇಳುತ್ತಾರೆ, ಎದ್ದು ಪ್ರಶ್ನಿಸುವ ರೂಢಿಯಿಲ್ಲ. ವಾರಕ್ಕೊಮ್ಮೆ ಅಡ್ಡಿಯಿಲ್ಲದೆ ಅರ್ಧ ಗಂಟೆ ಮಾತಾಡುವ ಅವಕಾಶ ಇಪ್ಪತ್ತು ಮೂವತ್ತು ವರ್ಷ ಸಿಕ್ಕರೆ ಎಂಥ ಸಾಧುವಿಗೂ ತನ್ನ ದನಿಯೇ ದೇವರ ದನಿ ಅನ್ನಿಸತೊಡಗುತ್ತದೆ. ಚರ್ಚಿನ ಗೇಟಿನಲ್ಲಿ ಯೇಸುವಿನ ಚಿತ್ರಕ್ಕಿಂತ ದೊಡ್ಡದಾಗಿ ಪಾಸ್ಟರ ಭಾವಚಿತ್ರವಿರುವ ಫ್ಲೆಕ್ಸ್ ಏಳುವುದು ಹೀಗೆಯೇ. ಇದಕ್ಕೆ ಒಬ್ಬೊಬ್ಬರ ಸ್ವಭಾವವನ್ನಷ್ಟೇ ದೂರಿ ಫಲವಿಲ್ಲ. ಕೆಲಸದ ಅಚ್ಚೇ ಹಾಗಿದೆ.

ಆ ಅಚ್ಚನ್ನು ಬದಲಿಸಲು ಹೊರಟವರಲ್ಲಿ ಜರ್ಮನಿಯ ಡೀಟ್ರಿಚ್ ಬೋನ್‌ಹೋಫರ್ ಒಬ್ಬರು. ಹಿಟ್ಲರನ ಕಾಲದಲ್ಲಿ ಅವನ ಆಡಳಿತಕ್ಕೆ ತಲೆಬಾಗದ ಸಭೆಗಳಿಗಾಗಿ ಫಿಂಕೆನ್‌ವಾಲ್ಡೆ ಎಂಬಲ್ಲಿ 1935ರಿಂದ ಸಭಾಪಾಲಕರನ್ನು ತಯಾರು ಮಾಡುವ ಶಾಲೆ ನಡೆಸಿದರು. 1937ರಲ್ಲಿ ಗೆಸ್ಟಪೊ ಪೊಲೀಸರು ಅದನ್ನು ಮುಚ್ಚಿಸಿದರು. ಅಲ್ಲಿ ಒಂದು ನಿಯಮವಿತ್ತು: ಎದುರಿಗಿಲ್ಲದ ಸಹೋದರನ ಬಗ್ಗೆ ಮಾತಾಡಕೂಡದು, ಆಡಿದರೆ ಹೋಗಿ ಅವನಿಗೇ ತಿಳಿಸಬೇಕು. ಆ ಬದುಕಿನ ಅನುಭವವನ್ನು 1939ರಲ್ಲಿ ಪುಸ್ತಕ ಮಾಡಿದಾಗ ಅವರು ಸಭೆಯೊಳಗಿನ ಸೇವೆಗಳನ್ನು ಒಂದು ಕ್ರಮದಲ್ಲಿ ಇಟ್ಟರು. ನಾಲಿಗೆ ಬಿಗಿಹಿಡಿಯುವುದು ಮೊದಲು. ಆಮೇಲೆ ದೀನತೆ, ಕಿವಿಗೊಡುವುದು, ನೆರವಾಗುವುದು, ಇನ್ನೊಬ್ಬರ ಹೊರೆ ಹೊರುವುದು. ವಾಕ್ಯ ಸಾರುವುದು ಇವೆಲ್ಲ ಆದಮೇಲೆ ಬರುತ್ತದೆ. ಪ್ರಸಂಗವನ್ನೇ ಮುಕುಟವೆಂದು ಭಾವಿಸಿದ ಲುಥೆರನ್ ಪರಂಪರೆಯ ಒಬ್ಬ ಪಂಡಿತ ಈ ಕ್ರಮ ಹಾಕಿಕೊಟ್ಟದ್ದು ಸಣ್ಣ ಮಾತಲ್ಲ. 1945ರ ಏಪ್ರಿಲಿನಲ್ಲಿ ನಾಜಿಗಳು ಅವರನ್ನು ಗಲ್ಲಿಗೇರಿಸಿದರು.

ಪಡೆಯುವುದು ಎಷ್ಟು ಕಷ್ಟ ಎಂಬುದನ್ನು ಯೋಹಾನನ ಸುವಾರ್ತೆ ಒಂದು ಸನ್ನಿವೇಶದಲ್ಲಿ ಕಾಣಿಸುತ್ತದೆ. ಯೇಸು ಮೇಲುಹೊದಿಕೆ ತೆಗೆದಿಟ್ಟು, ನಡುವಿಗೆ ಅಂಗವಸ್ತ್ರ ಸುತ್ತಿ, ಬೋಗುಣಿಯಲ್ಲಿ ನೀರು ಹಿಡಿದು ಶಿಷ್ಯರ ಕಾಲು ತೊಳೆಯುತ್ತಾನೆ. ಪ್ರತಿ ವರ್ಷ ಪವಿತ್ರ ಗುರುವಾರ ಎಷ್ಟೋ ಚರ್ಚುಗಳಲ್ಲಿ ಇದನ್ನು ಆಚರಿಸುತ್ತಾರೆ. 2013ರಲ್ಲಿ ಪೋಪ್ ಫ್ರಾನ್ಸಿಸ್ ರೋಮಿನ ಬಾಲಾಪರಾಧಿಗಳ ಸೆರೆಮನೆಗೆ ಹೋಗಿ ಹನ್ನೆರಡು ಮಂದಿಯ ಕಾಲು ತೊಳೆದರು. ಅವರಲ್ಲಿ ಹುಡುಗಿಯರೂ ಇದ್ದರು, ಮುಸ್ಲಿಮರೂ ಇದ್ದರು. ತೊಳೆದವನ ಬಗ್ಗೆ ಎಲ್ಲರೂ ಹೇಳುತ್ತಾರೆ. ಆದರೆ ಸುವಾರ್ತೆಯ ಆ ಸನ್ನಿವೇಶದಲ್ಲಿ ಎಡವುವವನು ಶಿಷ್ಯ ಪೇತ್ರ. ಅವನು ಕಾಲು ಚಾಚಲು ಒಪ್ಪುವುದಿಲ್ಲ. ಗುರುವಿನಿಂದ ಸೇವೆ ಮಾಡಿಸಿಕೊಳ್ಳಲು ಅವನಿಗಿರುವ ಸಂಕೋಚದಲ್ಲಿ ಭಕ್ತಿ ಇದೆ, ಅದರ ಬುಡದಲ್ಲಿ ಅಹಂಕಾರವೂ ಇದೆ. ಮುಂದೆ ಸಭೆಗೆ ಹಿರಿಯನಾಗಬೇಕಾದವನು ಮೊದಲು ಕಲಿಯಬೇಕಾದ ಪಾಠ ಕಾಲು ಚಾಚುವುದು.

ನಮ್ಮ ಕಡೆ ಈ ಪಾಠ ಜಾತಿಗೆ ಬಂದು ಮುಟ್ಟುತ್ತದೆ. ಯಾರ ಮನೆಯಲ್ಲಿ ಪಾದ್ರಿ ನೀರು ಕುಡಿದರು, ಯಾರ ಮನೆಯಲ್ಲಿ ಉಂಡರು, ಯಾರ ಮನೆಗೆ ಹೋಗಿ ಪ್ರಾರ್ಥನೆಯಷ್ಟೇ ಮಾಡಿ ಎದ್ದು ಬಂದರು ಎಂಬುದನ್ನು ಸಭೆಯ ಜನ ಬಾಯಿಬಿಟ್ಟು ಹೇಳದಿದ್ದರೂ ಲೆಕ್ಕ ಇಟ್ಟಿರುತ್ತಾರೆ. ಕಲ್ಕತ್ತದ ಬಿಷಪ್ ಡೇನಿಯಲ್ ವಿಲ್ಸನ್ 1833ರಲ್ಲಿ ಸಭೆಗಳಲ್ಲಿ ಜಾತಿಭೇದ ಕೂಡದೆಂದು ಆಜ್ಞೆ ಹೊರಡಿಸಿದಾಗ ತಮಿಳು ನಾಡಿನ ಹಲವು ಮೇಲ್ಜಾತಿಯ ಕ್ರೈಸ್ತರು ಚರ್ಚನ್ನೇ ಬಿಟ್ಟು ಹೊರನಡೆದರು. ಪ್ರಭುಭೋಜನದ ಒಂದೇ ಪಾತ್ರೆಗೆ ತುಟಿ ತಾಗಿಸುವುದು ಅವರಿಗೆ ಅಷ್ಟು ಭಾರವಾಯಿತು. ಕರ್ನಾಟಕದ ಬಾಸೆಲ್ ಮಿಷನ್ ಮೊದಲಿನಿಂದಲೂ ಜಾತಿಯ ವಿಷಯದಲ್ಲಿ ಬಿಗಿಯಾಗಿತ್ತು. ಆದರೂ ಹೆಣ್ಣು ಕೊಡು-ತರುವ ಮಾತು ಬಂದಾಗ ಹಳೆಯ ಗೋಡೆಗಳು ಎಲ್ಲಿವೆಯೆಂದು ಕ್ರೈಸ್ತರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ದಲಿತ ಕ್ರೈಸ್ತರ ಮನೆಗೆ ಸಹಾಯ ಹಿಡಿದು ಹೋಗುವ ಪಾದ್ರಿಗೆ ಒಳ್ಳೆಯ ಹೆಸರು ಬರುತ್ತದೆ. ಅದೇ ಮನೆಯಲ್ಲಿ ಚಾಪೆಯ ಮೇಲೆ ಕೂತು ರೊಟ್ಟಿ ಪಲ್ಯ ಉಂಡು, ಮನೆಯೊಡತಿಯ ಹತ್ತಿರ ತನ್ನ ಮಗನ ವಿಷಯದಲ್ಲಿ ಬುದ್ಧಿ ಕೇಳಿ ಬರುವ ಪಾದ್ರಿ ಬೇಕಾಗಿದ್ದಾರೆ.

ಇದೆಲ್ಲ ನಂಬಿಕೆಯನ್ನು ಸಡಿಲ ಬಿಟ್ಟವರ ಮಾತು ಎಂದು ಕೆಲವರಿಗೆ ಅನ್ನಿಸಬಹುದು. ಉತ್ತಂಗಿಯವರ ಬಾಳು ಅದಕ್ಕೆ ಉತ್ತರ. ಕಡೆಯವರೆಗೂ ಅವರು ಕ್ರಿಸ್ತನ ಸೇವಕರೇ. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಬರೆದು ಕ್ರಿಸ್ತನ ಪರವಾಗಿ ಹಿಂದೂ ಸಮಾಜದೊಡನೆ ನೇರವಾಗಿ ಮಾತಾಡಿದರು. ಬ್ರಾಹ್ಮಣ ಮನೆತನದಿಂದ ಬಂದು, ಯೇಸುವನ್ನು ಅಭಂಗಗಳಲ್ಲಿ ಹಾಡಿದ ಮರಾಠಿ ಕವಿ ನಾರಾಯಣ ವಾಮನ ಟಿಳಕರ ಚರಿತ್ರೆಯನ್ನು ಕನ್ನಡಕ್ಕೆ ತಂದರು. ಅದೇ ಲೇಖನಿಯಿಂದ ಮೋಳಿಗೆ ಮಾರಯ್ಯ, ಸಿದ್ಧರಾಮರ ವಚನಗಳ ಸಂಪಾದನೆಯೂ ಹೊರಬಂತು. ಅನುಭವ ಮಂಟಪ ಇತ್ತೇ ಇಲ್ಲವೇ ಎಂಬ ಚರ್ಚೆ ಎದ್ದಾಗ ಅದರ ಐತಿಹಾಸಿಕತೆಯನ್ನು ಎತ್ತಿಹಿಡಿದು ಗ್ರಂಥ ಬರೆದವರಲ್ಲಿ ಈ ಪಾದ್ರಿಯೂ ಒಬ್ಬರು. ನೆರೆಯವರ ಮನೆಯ ಚಿನ್ನವನ್ನು ಚಿನ್ನವೆಂದು ಹೇಳಲು ಅವರು ತಮ್ಮ ಮನೆಯದನ್ನು ಹಿತ್ತಾಳೆ ಎನ್ನಬೇಕಾಗಲಿಲ್ಲ.

ಒಂದು ಎಚ್ಚರ ಬೇಕು. ಕೇಳುವುದನ್ನೇ ಉಪಾಯವಾಗಿ ಮಾಡಿಕೊಂಡರೆ, ಇವರ ಹಾಡು ಕಲಿತರೆ ಇವರನ್ನು ಒಲಿಸಿಕೊಳ್ಳುವುದು ಸುಲಭ ಎಂಬ ಲೆಕ್ಕಾಚಾರದಲ್ಲಿ ಕಿವಿಗೊಟ್ಟರೆ, ಅದು ವಿನಯದ ವೇಷವಷ್ಟೆ. ಮಿಷನರಿಗಳ ಇತಿಹಾಸದಲ್ಲಿ ಅದೂ ಇತ್ತು ಎಂದು ಒಪ್ಪಿಕೊಳ್ಳುವುದು ಪ್ರಾಮಾಣಿಕತೆ. ಮತಾಂತರದ ಗುಮಾನಿ ಪ್ರತಿ ಪ್ರಾರ್ಥನಾ ಕೂಟದ ಬಾಗಿಲಲ್ಲಿ ನಿಂತಿರುವ ಈ ಕಾಲದಲ್ಲಿ ಸಭಾಪಾಲಕರಿಗೆ ಈ ವ್ಯತ್ಯಾಸ ಇನ್ನಷ್ಟು ಸ್ಪಷ್ಟವಿರಬೇಕು. ಪ್ರತಿಯಾಗಿ ಏನನ್ನೂ ಮಾರದೆ ಒಂದು ಹಾಡು ಕೇಳಿಸಿಕೊಂಡು, ಕೈಮುಗಿದು ಬರಲು ಸಾಧ್ಯವಾಗಬೇಕು.

ಪಡೆಯುವ ವಿನಯ ವ್ಯಕ್ತಿಗಳಿಗಷ್ಟೇ ಅಲ್ಲ, ಇಡೀ ಸಭೆಗಳಿಗೂ ಒಮ್ಮೆ ಸಾಧ್ಯವಾಗಿತ್ತು. 1947ರ ಸೆಪ್ಟೆಂಬರ್ 27ರಂದು ಮದ್ರಾಸಿನ ಸೇಂಟ್ ಜಾರ್ಜ್ ಕೆಥೆಡ್ರಲಿನಲ್ಲಿ ದಕ್ಷಿಣ ಭಾರತ ಸಭೆ, ಅಂದರೆ ಸಿ.ಎಸ್.ಐ., ಉದಯವಾಯಿತು. 1919ರಲ್ಲಿ ತರಂಗಂಬಾಡಿಯಲ್ಲಿ ಶುರುವಾದ ಮಾತುಕತೆ ಕೈಗೂಡಲು ಇಪ್ಪತ್ತೆಂಟು ವರ್ಷ ಬೇಕಾಯಿತು. ಬಿಷಪ್ಪರೇ ಇಲ್ಲದ ಪರಂಪರೆಯವರು ಬಿಷಪ್ಪರನ್ನು ಒಪ್ಪಿಕೊಂಡರು. ಬಿಷಪ್ಪರ ಕೈಯಿಂದ ದೀಕ್ಷೆಯಾಗದವನು ಪಾದ್ರಿಯೇ ಅಲ್ಲ ಎನ್ನುತ್ತಿದ್ದ ಆಂಗ್ಲಿಕನ್ ಪರಂಪರೆಯವರು, ಉಳಿದವರ ಪಾದ್ರಿಗಳನ್ನು ಮರುದೀಕ್ಷೆಯಿಲ್ಲದೆ ತಮ್ಮವರೆಂದು ಸ್ವೀಕರಿಸಿದರು. ಪ್ರತಿಯೊಬ್ಬರೂ ಇನ್ನೊಬ್ಬರಿಂದ ಏನನ್ನಾದರೂ ಪಡೆಯಲೇಬೇಕಾಗಿತ್ತು. ಪ್ರಪಂಚದ ಸಭೆಗಳೆಲ್ಲ ಆಗ ದಕ್ಷಿಣ ಭಾರತದತ್ತ ನೋಡಿದವು. ಅದೇ ಸಭೆಯ ಆಡಳಿತ ಮಂಡಳಿಯಾದ ಸಿನೋಡಿನ ಚುನಾವಣೆಯ ಜಗಳ ಈಚಿನ ವರ್ಷಗಳಲ್ಲಿ ಮದ್ರಾಸ್ ಹೈಕೋರ್ಟು ದಾಟಿ ಸುಪ್ರೀಂ ಕೋರ್ಟಿನ ಮೆಟ್ಟಿಲು ಹತ್ತಿದ್ದು ನೋವಿನ ವಿಷಯ.

ಭಕ್ತರ ಪಾಲೂ ಇದರಲ್ಲಿ ಇದೆ. ಬೆಳೆ ಹಬ್ಬದ ದಿನ ಚರ್ಚಿನ ಅಂಗಳದಲ್ಲಿ ಲಿಲಾವು ನಡೆಯುತ್ತದೆ. ಕುಂಬಳಕಾಯಿ, ತೆಂಗಿನಕಾಯಿ, ಬಾಳೆಗೊನೆ, ಕಾಲು ಕಟ್ಟಿದ ಕೋಳಿ. ಕೂಗು ಏರುತ್ತದೆ, ನಗು ಏರುತ್ತದೆ. ಒಬ್ಬ ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡು ತಂದ ನಾಲ್ಕು ಮೊಟ್ಟೆಗೆ ಸಾವಿರ ರೂಪಾಯಿ ಕೂಗಿ ಕೊಂಡವರುಂಟು, ಕೊಂಡು ಮತ್ತೆ ಅವನ್ನೇ ಸಭೆಗೆ ಕೊಟ್ಟವರುಂಟು. ಸಭೆಯ ಜೀವನ ಅಂದರೆ ಇದೇ ಎನ್ನಿಸುವ ಗಳಿಗೆ. ಆದರೆ ಲಿಲಾವು ಮುಗಿದ ಮೇಲೆ ಪಾದ್ರಿಯ ಪಕ್ಕದ ಕುರ್ಚಿಗೆ ಕರೆ ಹೋಗುವುದು ದೊಡ್ಡ ಮೊತ್ತ ಕೂಗಿದವರಿಗೆ. ಅಜ್ಜಿಗೆ ಆ ಕುರ್ಚಿ ಸಿಕ್ಕಿದ್ದು ಕಂಡವರು ಕಡಿಮೆ. ಸಭಾಪಾಲಕರಿಗೆ ಹಾರ ಹಾಕಿ, ಎತ್ತರದಲ್ಲಿ ಕೂರಿಸಿ, ಎರಡು ವರ್ಷಕ್ಕೆ ಅವರ ವರ್ಗಾವಣೆಗೆ ಅರ್ಜಿ ಹಾಕುವ ಸಭೆ ಅವರಿಂದ ವಿನಯ ನಿರೀಕ್ಷಿಸುವುದು ನ್ಯಾಯವಲ್ಲ. ಕಡಿಮೆ ಸಂಬಳದಲ್ಲಿ, ಬೈಕಿನ ಮೇಲೆ ಮೂರು ನಾಲ್ಕು ಹಳ್ಳಿಯ ಸಭೆ ನೋಡಿಕೊಳ್ಳುವ ಪಾದ್ರಿಗಳಿದ್ದಾರೆ. ಅವರ ಮನೆಗೆ ಹೋಗಿ, ಅಯ್ಯನವರೇ ಊಟವಾಯಿತೇ ಎಂದು ಕೇಳುವವರು ಎಷ್ಟು ಜನ?

ಮಾಡಬಹುದಾದದ್ದು ದೊಡ್ಡದೇನಲ್ಲ. ಮಂಗಳೂರಿನ ಬಲ್ಮಠದ ಕರ್ನಾಟಕ ಥಿಯಲಾಜಿಕಲ್ ಕಾಲೇಜಿನಂಥ ಕಡೆ ಸಭಾಪಾಲಕರಾಗಲು ಓದುವ ಹುಡುಗ ಹುಡುಗಿಯರನ್ನು ಮೊದಲ ವರ್ಷವೇ ಹಳ್ಳಿಯ ಸಭೆಗೆ ಕಳಿಸಿ, ಅಲ್ಲಿ ಅವರಿಂದ ಒಂದೂ ಪ್ರಸಂಗ ಮಾಡಿಸಬಾರದು. ಬೀಸುಕಲ್ಲಿನ ಪದ ಬಲ್ಲವರಿಂದ ಪದ, ಸೂಲಗಿತ್ತಿಯಿಂದ ಹೆರಿಗೆಯ ವೃತ್ತಾಂತ, ಗೋರಿ ತೋಡುವವನಿಂದ ಊರಿನ ಸಾವುಗಳ ನೆನಪು, ಪಕ್ಕದ ಮಠದ ಸ್ವಾಮಿಗಳಿಂದ ವಚನ, ದರ್ಗಾದ ಮುಜಾವರರಿಂದ ಉರುಸಿನ ಕಥೆ, ಇವನ್ನು ಕೇಳಿ ಬರೆದುಕೊಂಡು ಬರಲಿ. ಕೊಟ್ಟವರ ಹೆಸರು ಪ್ರತಿ ಪುಟದಲ್ಲಿರಲಿ. ಆ ಬರಹವನ್ನು ಹಿಡಿದು ಮತ್ತೆ ಅದೇ ಊರಿಗೆ ಹೋಗಿ ಅವರ ಮುಂದೆಯೇ ಓದಿ ಹೇಳಲಿ. ತಪ್ಪು ತಿದ್ದುವ ಅಧಿಕಾರವೂ, ಪರೀಕ್ಷೆಯ ಅಂಕ ಕೊಡುವ ಅಧಿಕಾರವೂ ಆ ಊರಿನವರಿಗೇ ಇರಲಿ.