ಪೇಟಿಗೆ ಅರ ಹಚ್ಚಬ್ಯಾಡ್ರಿ

ಹೋದ ದೀಪಾವಳಿಗೆ ಊರಿಗೆ ಹೋದಾಗ ಕಾಕಾ ತನ್ನ ಪೇಟಿ ಬಿಚ್ಚಿಕೊಂಡು ಕೂತಿದ್ದ. ಗುಳೇದಗುಡ್ಡದ ಮಗ್ಗುಲಿನ ನಮ್ಮೂರ ಭಜನಿ ಮ್ಯಾಳದಾಗ ನಲವತ್ತು ವರ್ಷದಿಂದ ಅದೇ ಹಾರ್ಮೋನಿಯಂ. ಹಗಲು ಖಣದ ಮಗ್ಗ, ರಾತ್ರಿ ಪೇಟಿ.

"ಯಾಕ ಕಾಕಾ, ಏನಾತು?"

"ತಮ್ಮಾ, ಇದು 440 ಐತಂತ. ತಲಿ ಕೆಡಸ್ತೈತಂತ. 432ಕ್ಕ ಇಳಸಬೇಕಂತ."

ಹೇಳಿಕೊಟ್ಟವನು ನಮ್ಮ ಹುಡುಗನೇ. ನನ್ನಂಗ ಬೆಂಗಳೂರಿನಲ್ಲಿ ಕೋಡ್ ಬರೆಯುವವ. ಅದಕ್ಕೇ ಈ ಸಿಟ್ಟು.

ಪೇಟಿ ಶ್ರುತಿ ಇಳಿಸೋದು ಆ್ಯಪ್‌ನಲ್ಲಿ ಸ್ಲೈಡರ್ ಎಳೆದಂಗಲ್ಲ. ಒಂದೊಂದು ಹಿತ್ತಾಳೆ ರೀಡಿನ ಬುಡಕ್ಕೂ ಅರ ಹಚ್ಚಿ ಕೆರೆಯಬೇಕು. ಕೆರೆದ ಹಿತ್ತಾಳೆ ವಾಪಸ್ ಬರಲ್ಲ.

ಇಷ್ಟಕ್ಕೂ ವಾದ ಏನು? ಕಲಿಯುಗ 4,32,000 ವರ್ಷ, ಅದಕ್ಕೇ 432 ಪವಿತ್ರ. ಆದರೆ ಹರ್ಟ್ಸ್ ಅಂದ್ರೆ ಸೆಕೆಂಡಿಗೆ ಎಷ್ಟು ಕಂಪನ ಅಂತ ಅಷ್ಟೇ. ದಿನವನ್ನು 86,400 ಚೂರು ಮಾಡಿದ್ದು ಮನುಷ್ಯರು, ಬ್ರಹ್ಮಾಂಡ ಅಲ್ಲ. ನಮ್ಮ ಪಂಚಾಂಗದ ವಿಘಳಿಗೆ ಅಂದ್ರೆ 24 ಸೆಕೆಂಡು. ಅದರಲ್ಲಿ ಎಣಿಸಿದರೆ ಅದೇ ಸ್ವರ 10,368 ಆಗುತ್ತೆ. ಈಗ ಕಲಿಯುಗ ಎಲ್ಲಿ ಹೋತು?

ಎರಡನೇದು, 440 ನಾಜಿಗಳ ಕುತಂತ್ರವಂತೆ, ಗೊಬೆಲ್ಸ್ ತಂದಿದ್ದಂತೆ. 1834ರಲ್ಲೇ ಸ್ಟುಟ್‌ಗಾರ್ಟ್‌ನಲ್ಲಿ ಶೈಬ್ಲರ್ ಎಂಬಾತ 440 ಸೂಚಿಸಿದ್ದ. ಗೊಬೆಲ್ಸ್ ಹುಟ್ಟಿದ್ದು 1897ರಲ್ಲಿ. ಅಂದಹಾಗೆ ಈ ಶೈಬ್ಲರ್ ರೇಷ್ಮೆ ಬಟ್ಟೆ ತಯಾರಿಸುತ್ತಿದ್ದವ. ನಮ್ಮ ಕಾಕಾನ ಕಸುಬಿನವನೇ ಅನ್ನಿ! 1939ರ ಲಂಡನ್ ಸಭೆ, 1955ರ ಐಎಸ್ಒ ಶಿಫಾರಸು, ಇವೆಲ್ಲ ಊರೂರಿನ ವಾದ್ಯಗಳು ಕೂಡಿ ನುಡಿಯಲಿ ಅಂತ ಮಾಡಿಕೊಂಡ ಒಪ್ಪಂದ. ರಸ್ತೆಯಲ್ಲಿ ಎಡಕ್ಕೆ ಗಾಡಿ ಹೊಡಿಯೋ ಹಂಗ. ಎಡಕ್ಕ ಹೋದವರಿಗೆ ಪುಣ್ಯ ಬರಲ್ಲ, ಡಿಕ್ಕಿ ತಪ್ಪತೈತಿ.

ಮುಖ್ಯ ಮಾತು ಮೂರನೇದು. ನಮ್ಮ ಸಂಗೀತದಾಗ ಸಾ ಕೂರೋದು ಹಾಡೋರ ಕೊರಳಿಗೆ ತಕ್ಕಂಗ. ಒಬ್ಬರದು ಕರೀ ಒಂದು, ಇನ್ನೊಬ್ಬರದು ಬಿಳೀ ಐದು. ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ಗಂಗೂಬಾಯಿ ಹಾನಗಲ್ ಅವರ ದನಿ ಗಡುಸಾಯಿತು. ಆ ದನಿಗೆ ಒಪ್ಪುವ ಶ್ರುತಿಯಲ್ಲೇ ಹಾಡಿ ಲೋಕ ಗೆದ್ದರು. 440ಕ್ಕೂ 432ಕ್ಕೂ ಇರುವ ಅಂತರ ಪೇಟಿಯ ಅಕ್ಕಪಕ್ಕದ ಎರಡು ಸ್ವರಗಳ ನಡುವಿನ ಅಂತರದ ಮೂರನೇ ಒಂದು ಭಾಗ. ಗಂಟಲು ಕಟ್ಟಿದ ದಿನ ಭಜನಿಯವರು ಅದರ ಮೂರು ಪಟ್ಟು ಕೆಳಗೆ ಹಾಡ್ತಾರೆ. ಯಾರ ತಲೆಯೂ ಕೆಟ್ಟಿಲ್ಲ.

432ರ ಹಾಡು ಕೇಳಿದರೆ ನಿಮಗೆ ನಿದ್ದೆ ಬರುತ್ತಾ? ಕೇಳ್ರಿ, ಅಡ್ಡಿಯಿಲ್ಲ. ಮೆಲ್ಲಗಿನ ಲಯ, ಸಣ್ಣ ದನಿ, ದೀಪ ಆರಿಸಿದ ಕೋಣೆ ಇದ್ದರೆ 440ಕ್ಕೂ ನಿದ್ದೆ ಬರತೈತಿ.

ಕೊನೆಗೆ ಮೊಬೈಲ್‌ನಲ್ಲಿ ಟ್ಯೂನರ್ ಹಾಕಿ ಕಾಕಾನ ಪೇಟಿಯ ಬಿಳೀ ಆರು ಒತ್ತಿ ನೋಡಿದೆ. 440 ಅಲ್ಲ, 432 ಅಂತೂ ಅಲ್ಲವೇ ಅಲ್ಲ. 446!

ಕಾಕಾ ನಕ್ಕ. "ನಲವತ್ತು ವರ್ಷ ದೇವರು ಸುಮ್ಮನ ಕೇಳ್ಯಾನಲ್ಲೋ ತಮ್ಮಾ," ಅಂದು ಸ್ಕ್ರೂ ಬಿಗಿಮಾಡಿದ.

ಫಾರ್ವರ್ಡ್ ಒತ್ತುವ ಮುಂಚೆ ನೆನಪಿರಲಿ: ನಮ್ಮ ಕೈಯಾಗ ಡಿಲೀಟ್ ಬಟನ್ ಐತಿ. ಊರಲ್ಲಿ ಅದನ್ನ ನಂಬೋರ ಕೈಯಾಗ ಅರ ಐತಿ.